ಜೆಲ್ ಎಂದರೆ ಏನು? ಒಳಗಿನ ಬಲೆ ಹೆಣೆದುಕೊಳ್ಳುವ ಬಗೆ

ಜೆಲ್ ಎಂದರೆ ತುಂಬಾ ಮಂದವಾದ ದ್ರವ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಜೆಲ್‌ನ ಒಳಗೊಂದು ಬಲೆ ಇರುತ್ತದೆ. ಪಾಲಿಮರ್‌ನ, ಅಂದರೆ ಸಣ್ಣ ಅಣುಗಳು ಸರಪಳಿಯ ಹಾಗೆ ಸೇರಿ ಆದ ವಸ್ತುವಿನ, ಉದ್ದನೆಯ ಎಳೆಗಳು ಅಲ್ಲಲ್ಲಿ ಗಂಟು ಬಿದ್ದು, ಈ ಅಂಚಿನಿಂದ ಆ ಅಂಚಿನವರೆಗೂ ಒಂದೇ ಬಲೆಯಾಗಿರುತ್ತವೆ. ದ್ರವ ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ನೂರಕ್ಕೆ 99 ಪಾಲು ನೀರಿದ್ದರೂ ಕಡಲಪಾಚಿಯಿಂದ ತೆಗೆಯುವ ಅಗರೋಸ್‌ನ ಜೆಲ್ ಹರಿಯುವುದಿಲ್ಲ. ಈ ಗಂಟಿಗೆ ಕ್ರಾಸ್‌ಲಿಂಕ್ ಎಂದು ಹೆಸರು. ಬಿಡಿ ಬಿಡಿ ತುಣುಕುಗಳು ಸೇರಿ ಒಂದೇ ಬಲೆಯಾಗುವ ಹಂತ ಜೆಲ್ ಪಾಯಿಂಟ್. ಅದನ್ನು ಲೆಕ್ಕ ಹಾಕುವ ದಾರಿಯನ್ನು ಅಮೆರಿಕದ ರಸಾಯನ ವಿಜ್ಞಾನಿ ಪಾಲ್ ಫ್ಲೋರಿ 1941ರಲ್ಲಿ ತೋರಿಸಿದರು.

ಬಲೆ ಹೇಗಿರುತ್ತದೆ ಅನ್ನುವುದು ಮೊದಲು ಪಾಲಿಮರ್ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ದ್ರಾವಣದಲ್ಲಿ ಮೆದುವಾದ ಎಳೆ ನೇರವಾಗಿ ಚಾಚಿಕೊಂಡಿರುವುದಿಲ್ಲ, ನೂಲಿನ ಸಡಿಲ ಉಂಡೆಯ ಹಾಗೆ ಸುತ್ತಿಕೊಂಡಿರುತ್ತದೆ. ಪಾಲಿಮರ್ ಕಡಿಮೆ ಇದ್ದರೆ ಉಂಡೆಗಳು ದೂರ ದೂರ. ಆಗ ಎಳೆಯ ತುದಿಗೆ ಹತ್ತಿರ ಸಿಗುವುದು ತನ್ನದೇ ಇನ್ನೊಂದು ತುದಿ. ಗಂಟೇನೋ ಬೀಳುತ್ತದೆ, ಆದರೆ ಅದು ಸುಮ್ನೆ ಒಂದು ಕುಣಿಕೆ. ಬಲೆಗೆ ಅದರಿಂದ ಬಲ ಬರುವುದಿಲ್ಲ. ಉಂಡೆಗಳು ಒಂದಕ್ಕೊಂದು ತಾಗುವಷ್ಟು ಪಾಲಿಮರ್ ಇದ್ದಾಗ ಪಕ್ಕದವರ ಜೊತೆ ಗಂಟು ಜಾಸ್ತಿಯಾಗುತ್ತದೆ. ಕಣ್ಣು ಸಣ್ಣದಾಗಿ ಜೆಲ್ ಗಟ್ಟಿಯಾಗುತ್ತದೆ.

ನನಗೆ ಇದಕ್ಕಿಂತ ಸೋಜಿಗ ಅನಿಸುವುದು ಗಂಟು ಹಾಕುವ ರಸಾಯನ ಕ್ರಿಯೆ. ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್ ಎಂಬ ಪಾಲಿಮರ್‌ನ ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿಸಿದರೆ, ತಾಗಿದ ಕೂಡಲೇ ಕ್ಯಾಲ್ಸಿಯಂ ಎಳೆಗಳಿಗೆ ಗಂಟು ಹಾಕಿ ಹನಿಯ ಸುತ್ತ ಪೊರೆ ಕಟ್ಟುತ್ತದೆ. ಒಳಗಿನ ಎಳೆಗಳಿಗೆ ಕ್ಯಾಲ್ಸಿಯಂ ತಲುಪುವುದು ತಡ. ಹೀಗಾಗಿ ಅಂಚು ದಟ್ಟ, ನಡು ತೆಳು. ಅದರ ಬದಲು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಮೊದಲೇ ಬೆರೆಸಿ, ನಿಧಾನವಾಗಿ ಆಮ್ಲ ಬಿಡುವ ವಸ್ತು ಸೇರಿಸಿ ನೋಡಿ. ಕ್ಯಾಲ್ಸಿಯಂ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪವೇ ಕರಗಿ ಬರುತ್ತದೆ, ಬಲೆ ಒಂದೇ ಸಮ ಕಟ್ಟಿಕೊಳ್ಳುತ್ತದೆ.

ಗಂಟು ಹೆಚ್ಚಿದಷ್ಟೂ ಕಣ್ಣು ಸಣ್ಣದಾಗಬೇಕು ಅಲ್ವಾ? ಪಾಲಿಅಕ್ರಿಲಮೈಡ್ ಎಂಬ ಪಾಲಿಮರ್‌ನ ಜೆಲ್‌ನಲ್ಲಿ ಅದು ಒಂದು ಮಿತಿಯವರೆಗೆ ಮಾತ್ರ ನಿಜ. ಗಂಟು ಹಾಕುವ ಬಿಸ್‌ಅಕ್ರಿಲಮೈಡ್ ಒಟ್ಟು ಮಾನೋಮರ್‌ನಲ್ಲಿ (ಎಳೆ ಕಟ್ಟುವ ಸಣ್ಣ ಅಣುಗಳಲ್ಲಿ) ನೂರಕ್ಕೆ ಸುಮಾರು 5 ಪಾಲಿದ್ದಾಗ ಕಣ್ಣು ಅತಿ ಸಣ್ಣದು. ಅದನ್ನು ತುಂಬಾ ಮೀರಿದರೆ ಎಳೆಗಳು ಕಟ್ಟು ಕಟ್ಟಾಗಿ ಗುಂಪುಗೂಡುತ್ತವೆ. ಗುಂಪುಗಳ ನಡುವೆ ದೊಡ್ಡ ತೂತುಗಳು ಉಳಿಯುತ್ತವೆ, ಜೆಲ್ ಬೆಳ್ಳಗೆ ಮಬ್ಬಾಗುತ್ತದೆ.

ಜಪಾನಿನ ಸಂಶೋಧಕರು 2008ರಲ್ಲಿ ನಾಲ್ಕು ಕೈಗಳಿರುವ ಎರಡು ಬಗೆಯ ಪಾಲಿಮರ್‌ಗಳನ್ನು ಬೆರೆಸಿ ಟೆಟ್ರಾ-ಪೆಗ್ ಎಂಬ ಜೆಲ್ ಮಾಡಿದರು. ಇದರಲ್ಲಿ ಒಂದು ಬಗೆಯ ಕೈ ಇನ್ನೊಂದು ಬಗೆಯ ಕೈಯನ್ನಷ್ಟೇ ಹಿಡಿಯುತ್ತದೆ. ತನ್ನ ಕೈಯನ್ನು ತಾನೇ ಹಿಡಿದು ಕುಣಿಕೆಯಾಗಲು ದಾರಿಯೇ ಇಲ್ಲ.