ಮಧ್ಯಾಹ್ನ ಜೋಳದ ಎಲೆ ಸುರುಳಿ ಸುತ್ತಿಕೊಳ್ಳುವುದೇಕೆ?

ಪ್ರಶ್ನೆ: ನಮ್ಮದು ಇಂಡಿ ತಾಲ್ಲೂಕಿನ ಎರೆ ಹೊಲ. ಹಿಂಗಾರಿ ಜೋಳದ ಎಲೆಗಳು ಮಧ್ಯಾಹ್ನ ಸುರುಳಿ ಸುತ್ತಿಕೊಂಡು ಸಂಜೆಗೆ ಬಿಚ್ಚಿಕೊಳ್ಳುತ್ತವೆ. ನೀರು ಸಾಲದೆಂಬುದು ಬೆಳೆಗೆ ಹೇಗೆ ತಿಳಿಯುತ್ತದೆ?

ಉತ್ತರ: ಸಂಜೆಗೆ ಬಿಚ್ಚಿಕೊಳ್ಳುತ್ತಿರುವವರೆಗೆ ಗಾಬರಿಪಡಬೇಕಾಗಿಲ್ಲ. ಬಿಸಿಲು ಏರಿ ಒಣಗಾಳಿ ಬೀಸುವಾಗ ಎಲೆಯಿಂದ ಆವಿಯಾಗಿ ಹೋಗುವಷ್ಟು ನೀರನ್ನು ಬೇರುಗಳು ಅದೇ ವೇಗದಲ್ಲಿ ಒದಗಿಸಲಾರವು. ಮಣ್ಣಿನಲ್ಲಿ ಹಸಿ ಇದ್ದಾಗಲೂ ಹೀಗಾಗುವುದುಂಟು. ಬೆಳಗಿನ ಹೊತ್ತಿಗೂ ಎಲೆ ಸುತ್ತಿಕೊಂಡೇ ಇದ್ದರೆ ಮಾತ್ರ ಬೇರಿನ ಮಟ್ಟದಲ್ಲಿ ಹಸಿ ತೀರುತ್ತಿದೆ ಎಂದು ತಿಳಿಯಬೇಕು.

ಜೋಳದ ಎಲೆಯ ಮೇಲ್ಪದರದಲ್ಲಿ, ಉಳಿದವುಗಳಿಗಿಂತ ದೊಡ್ಡದಾದ, ತೆಳುಗೋಡೆಯ, ನೀರು ತುಂಬಿದ ಕೋಶಗಳು ಉದ್ದಕ್ಕೂ ಸಾಲಾಗಿ ಇರುತ್ತವೆ. ನೀರು ಕಡಿಮೆಯಾದೊಡನೆ ಇವು ಕುಗ್ಗುವುದರಿಂದ ಎಲೆ ಒಳಮುಖವಾಗಿ ಮಡಚಿಕೊಂಡು, ಬಿಸಿಲಿಗೆ ಒಡ್ಡಿದ ಮೈ ಕಿರಿದಾಗುತ್ತದೆ.

ಆದರೆ ಸುರುಳಿ ಕಣ್ಣಿಗೆ ಬೀಳುವ ಮುನ್ನವೇ ಒಳಗಿನ ಕೆಲಸ ಆರಂಭವಾಗಿರುತ್ತದೆ. ಕೋಶಗಳೊಳಗಿನ ನೀರಿನ ಒತ್ತಡ ಇಳಿಯುವುದೇ ಮೊದಲ ಸೂಚನೆ. ಅದರ ಬೆನ್ನಿಗೆ ಬೇರಿನಲ್ಲಿಯೂ ಎಲೆಯಲ್ಲಿಯೂ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಅದನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳು ವಿಜ್ಞಾನಿಗಳಿಗೆ ಖಚಿತವಾಗಿ ಸಿಕ್ಕಿದ್ದು 2009ರಲ್ಲಿ. ಹಾರ್ಮೋನು ಈ ಗ್ರಾಹಕಗಳಿಗೆ ಅಂಟಿದಾಗ ಪತ್ರರಂಧ್ರದ, ಅಂದರೆ ಎಲೆಯ ಮೈಮೇಲಿನ ಸೂಕ್ಷ್ಮ ರಂಧ್ರದ, ಇಬ್ಬದಿಯ ಕಾವಲು ಕೋಶಗಳಿಂದ ಪೊಟ್ಯಾಸಿಯಂ ಮತ್ತಿತರ ಲವಣಾಂಶಗಳು ಹೊರಹೋಗುತ್ತವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ, ಸೊರಗಿದ ಕೋಶಗಳು ಒಂದಕ್ಕೊಂದು ಕೂಡಿ ರಂಧ್ರ ಮುಚ್ಚುತ್ತದೆ. ಇದು ಪುಕ್ಕಟೆ ಸಿಗುವ ರಕ್ಷಣೆಯಲ್ಲ: ಇಂಗಾಲದ ಡೈಆಕ್ಸೈಡ್ ಒಳಬರುವುದು ಕಡಿಮೆಯಾಗಿ ಬೆಳವಣಿಗೆ ಕುಂಠಿತಗೊಳ್ಳುತ್ತದೆ, ಆವಿಯಾಗುವಿಕೆ ತಗ್ಗಿದ್ದರಿಂದ ಎಲೆ ಬಿಸಿಯಾಗುತ್ತದೆ. ಬರ ಮುಂದುವರಿದರೆ ಕೋಶಗಳು ಪ್ರೋಲೀನ್‌ನಂಥ ವಸ್ತುಗಳನ್ನು ಕೂಡಿಟ್ಟುಕೊಂಡು ಒಳಗಿನ ನೀರನ್ನು ಹಿಡಿದಿಡುತ್ತವೆ. ಜೋಳದ ದಂಟನ್ನು ಬೆರಳಿನಿಂದ ಉಜ್ಜಿದಾಗ ಹತ್ತುವ ಬಿಳಿ ಹುಡಿ ಮೇಣವಾಗಿದ್ದು, ಅದೂ ನೀರು ಆರಿಹೋಗುವುದನ್ನು ತಡೆಯುತ್ತದೆ.

ಎರೆ ಹೊಲಕ್ಕೆ ಇನ್ನೊಂದು ತೊಂದರೆಯಿದೆ. ಮಣ್ಣು ಒಣಗಿ ಬಿರುಕು ಬಿಟ್ಟಾಗ ಆಳದ ಹಸಿಯೂ ಆರುತ್ತದೆ, ಬೇರುಗಳೂ ತುಂಡಾಗುತ್ತವೆ. ನಮ್ಮ ಹಿರಿಯರು ಎಡೆ ಹೊಡೆದು ಬಿರುಕು ಮುಚ್ಚುತ್ತಿದ್ದುದು ಈ ದೃಷ್ಟಿಯಿಂದ ಸರಿಯಾದ ಕ್ರಮವೇ.

ನೀವು ಕೇಳದಿದ್ದರೂ ಒಂದು ಸಂಗತಿಯನ್ನು ಹೇಳಲೇಬೇಕು. ನೀರಿಲ್ಲದೆ ಬಾಡಿದ ಎಳೆಯ ಜೋಳದಲ್ಲಿ, ಹಾಗೆಯೇ ಮಳೆ ಬಿದ್ದೊಡನೆ ಚಿಗುರುವ ಕುಳೆಯಲ್ಲಿ, ಧುರಿನ್ ಎಂಬ ವಸ್ತು ಹೆಚ್ಚಾಗಿರಬಹುದು. ದನ ಅದನ್ನು ಅಗಿದಾಗ ಬೇರೆ ಬೇರೆ ಕೋಶಗಳಲ್ಲಿದ್ದ ಧುರಿನ್ ಮತ್ತು ಕಿಣ್ವ ಬೆರೆತು ಸಯನೈಡ್ ವಿಷ ಬಿಡುಗಡೆಯಾಗುತ್ತದೆ, ದನ ಕೆಲವೇ ನಿಮಿಷಗಳಲ್ಲಿ ಸಾಯಲೂಬಹುದು. ತೆನೆ ಬಲಿತ ಮೇಲೆ ಕೊಯ್ದು ಚೆನ್ನಾಗಿ ಒಣಗಿಸಿದ ಕಣಿಕೆಯಲ್ಲಿ ಈ ಅಪಾಯ ಬಹಳ ಕಡಿಮೆ.