ಅರಗಿನ ಕೆಂಪು, ಹರಳೆಲೆಯ ರೇಷ್ಮೆ

ಶಾರ್ಚೋಪ್ ಅಂದರೆ ‘ಪೂರ್ವದವರು’, ಅಷ್ಟೇ. ನಾವು ಮಲೆನಾಡಿನವರು, ಬಯಲುಸೀಮೆಯವರು ಅನ್ನುವ ಹಾಗೆ. ಭೂತಾನದ ಪೂರ್ವದ ತುದಿಯಲ್ಲಿ, ತ್ರಾಶಿಗಾಂಗ್, ಪೆಮಾಗಾತ್ಶೆಲ್, ಸಮ್ದ್ರುಪ್ ಜೊಂಖಾರ್ ಜಿಲ್ಲೆಗಳ ಕಡಿದಾದ ಬೆಟ್ಟಗಳಲ್ಲಿ ಇವರ ಊರುಗಳಿವೆ. ತಮ್ಮ ಭಾಷೆಗೆ ಇವರು ಸಾಂಗ್ಲಾ ಅನ್ನುತ್ತಾರೆ. ಅದಕ್ಕೆ ತನ್ನದೇ ಲಿಪಿಯಿಲ್ಲ, ಶಾಲೆಯಲ್ಲಿ ಕಲಿಸುವುದು ಭೂತಾನದ ರಾಷ್ಟ್ರಭಾಷೆ ಜೊಂಗ್‌ಖಾ ಮತ್ತು ಇಂಗ್ಲಿಷ್. ಆದರೂ ಲಕ್ಷಕ್ಕೂ ಹೆಚ್ಚು ಜನ ಅದನ್ನು ಆಡುತ್ತಾರೆ. ಗಡಿಯಾಚೆ ಅರುಣಾಚಲದ ದಿರಾಂಗ್‌ನಲ್ಲೂ ಕೇಳಿಬರುತ್ತದೆ.

ಊಟಕ್ಕೆ ಜಾಸ್ತಿ ಮೆಕ್ಕೆಜೋಳ. ಅದನ್ನು ನುಚ್ಚು ಮಾಡಿ ಅನ್ನದ ಜೊತೆ ಬೇಯಿಸಿದರೆ ಖರಾಂಗ್. ಅದೇ ಜೋಳವನ್ನು ಹುದುಗಿಸಿ ಭಟ್ಟಿ ಇಳಿಸಿದರೆ ಅರಾ. ಅಮೆರಿಕ ಖಂಡದಿಂದ ಬಂದ ಕಾಳೊಂದು ಹಿಮಾಲಯದ ಮೂಲೆಯಲ್ಲಿ ಮನೆಯ ಊಟವಾಗಿದ್ದೇ ದೊಡ್ಡ ಕತೆ. ಆದರೆ ನನಗೆ ಇವತ್ತು ಹೇಳಬೇಕಿರುವುದು ಅವರ ಬಟ್ಟೆಯ ಬಗ್ಗೆ.

ರಾದಿ ಎಂಬ ಊರು ಒರಟು ರೇಷ್ಮೆಯ ನೇಯ್ಗೆಗೆ ಹೆಸರುವಾಸಿ. ಅಲ್ಲಿ ಇದನ್ನು ಬುರಾ ಅನ್ನುತ್ತಾರೆ. ಇದು ರಾಮನಗರದ ಮಾರುಕಟ್ಟೆಯಲ್ಲಿ ಕಾಣುವ ಹಿಪ್ಪುನೇರಳೆ ರೇಷ್ಮೆಯಲ್ಲ. ಇದರ ಹುಳು ತಿನ್ನುವುದು ಹರಳು ಗಿಡದ ಎಲೆ. ಹುಳುವಿನ ಹೆಸರು ಎರಿ, ಅಸ್ಸಾಮಿಯಲ್ಲಿ ಹರಳಿಗೆ ಎರಾ. ಹಿಪ್ಪುನೇರಳೆ ಹುಳು ಒಂದೇ ಎಳೆಯಲ್ಲಿ ಗೂಡು ಕಟ್ಟುತ್ತದೆ. ಚಿಟ್ಟೆ ಗೂಡು ಕೊರೆದು ಹೊರಬಂದರೆ ಆ ಎಳೆ ಹಾಳು, ಅದಕ್ಕೇ ಹುಳುವನ್ನು ಒಳಗಿರುವಾಗಲೇ ಕೊಲ್ಲಬೇಕು. ಎರಿ ಹಾಗಲ್ಲ. ಅದರ ಗೂಡಿನ ಒಂದು ತುದಿಯಲ್ಲಿ ಮೊದಲೇ ಬಾಗಿಲಿರುತ್ತದೆ, ಎಳೆಯೂ ತುಂಡುತುಂಡು. ಚಿಟ್ಟೆ ಹಾರಿಹೋದ ಮೇಲೆ ಆ ಗೂಡನ್ನು ಹತ್ತಿಯಂತೆ ಹಿಂಜಿ ನೂಲಬಹುದು. ಹೀಗೆ ನೂತ ದಾರದ ನಡುವೆ ಗಾಳಿ ಸಿಕ್ಕಿಕೊಳ್ಳುವುದರಿಂದ ಬಟ್ಟೆ ಬೆಚ್ಚಗಿರುತ್ತದೆ.

ಬೌದ್ಧರಾದ ಶಾರ್ಚೋಪರಿಗೆ ಹೇಳಿ ಮಾಡಿಸಿದ ರೇಷ್ಮೆ, ಅಲ್ವಾ? ಅಂಗಡಿಯವರು ಇದನ್ನು ಅಹಿಂಸಾ ರೇಷ್ಮೆ ಅಂತ ಮಾರುವುದೂ ಉಂಟು. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಹಿಂದಿನಿಂದಲೂ ಗೂಡು ಮತ್ತು ನೂಲು ಹೆಚ್ಚಾಗಿ ಬಂದದ್ದು ಕೆಳಗಿನ ಅಸ್ಸಾಮಿನಿಂದ. ಅಲ್ಲಿ ಎರಿ ಹುಳು ಒಂದು ರುಚಿಯಾದ ಪಲ್ಯ.

ಈಗ ಬಣ್ಣ. ಪೂರ್ವದ ಬಟ್ಟೆಯ ಗಾಢ ಕೆಂಪು ಬರುವುದು ಅರಗಿನಿಂದ. ಹೌದು, ಪಾಂಡವರ ಅರಗಿನ ಮನೆಯ ಅರಗೇ. ಅಕ್ಕಿಕಾಳಿಗಿಂತ ಚಿಕ್ಕ ಹುಳುವೊಂದು ಕೊಂಬೆಗೆ ಕಚ್ಚಿಕೊಂಡು ರಸ ಹೀರುತ್ತದೆ, ಮೈಯಿಂದ ಅಂಟು ಸುರಿಸುತ್ತದೆ. ಹೆಣ್ಣು ಒಮ್ಮೆ ಕೂತರೆ ಮತ್ತೆ ಕದಲುವುದಿಲ್ಲ, ಅದರ ಕಾಲುಗಳೂ ಇಲ್ಲವಾಗುತ್ತವೆ. ಅದರ ಮೈಯೊಳಗಿನ ಲಕ್ಕಾಯಿಕ್ ಆಮ್ಲವೇ ಈ ಕೆಂಪು. ಅರಗನ್ನು ಕುಟ್ಟಿ ಬಿಸಿನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ.

ಆದರೆ ನೂಲನ್ನು ಸುಮ್ನೆ ಅದರಲ್ಲಿ ಅದ್ದಿದರೆ ಪ್ರಯೋಜನವಿಲ್ಲ, ನಾಲ್ಕು ಒಗೆತಕ್ಕೆ ಬಣ್ಣ ಪೇಲವ. ಬಣ್ಣಕ್ಕೂ ರೇಷ್ಮೆಗೂ ನಂಟು ಕುದುರಿಸಲು ಒಬ್ಬ ದಲ್ಲಾಳಿ ಬೇಕು. ಒಂದು ಕೈಯಲ್ಲಿ ಬಣ್ಣವನ್ನೂ ಇನ್ನೊಂದು ಕೈಯಲ್ಲಿ ರೇಷ್ಮೆಯ ಪ್ರೋಟೀನನ್ನೂ ಹಿಡಿದುಕೊಳ್ಳುವ ಆ ದಲ್ಲಾಳಿ ಅಲ್ಯುಮಿನಿಯಂ. ಬೇರೆ ಕಡೆ ಇದಕ್ಕೆ ಪಟಿಕ ಬಳಸುತ್ತಾರೆ. ಭೂತಾನದ ಹೆಂಗಸರು ಕಾಡಿನಿಂದ ಒಂದು ಮರದ ಎಲೆ ತಂದು ಒಣಗಿಸಿ ಬಳಸುತ್ತಾ ಬಂದರು. ಆಯುರ್ವೇದದ ಲೋಧ್ರಕ್ಕೆ ಅದು ದಾಯಾದಿ. ಈ ಕುಲದ ಮರಗಳು ಮಣ್ಣಿನ ಅಲ್ಯುಮಿನಿಯಂ ಹೀರಿ ಎಲೆಯಲ್ಲಿ ಕೂಡಿಡುತ್ತವೆ. ಬೇರೆ ಬಹುತೇಕ ಗಿಡಗಳಿಗೆ ಅಷ್ಟು ಅಲ್ಯುಮಿನಿಯಂ ವಿಷ.

ಬಣ್ಣ ಹಾಕುವಾಗ ಹೊರಗಿನವರನ್ನು ಹತ್ತಿರ ಬಿಡಬಾರದು, ಬಿಟ್ಟರೆ ಬಣ್ಣ ಕೆಡುತ್ತದೆ ಎಂಬ ನಂಬಿಕೆ ಅಲ್ಲಿತ್ತು. ನಗಬೇಡಿ. ಈ ಕೆಂಪು ತುಂಬಾ ಸೂಕ್ಷ್ಮ. ಹುಳಿ ಹೆಚ್ಚುಕಡಿಮೆಯಾದರೆ ಬಣ್ಣದ ಛಾಯೆ ಬದಲು, ನೀರಿನಲ್ಲೋ ಪಾತ್ರೆಯಲ್ಲೋ ಕಬ್ಬಿಣವಿದ್ದರೆ ಕಪ್ಪು ನೇರಳೆ. ಕೆಟ್ಟದ್ದು ಕಣ್ಣೆದುರೇ ಇತ್ತು, ಕಾರಣ ಮಾತ್ರ ಕಾಣುತ್ತಿರಲಿಲ್ಲ.

ಮಗ್ಗವೂ ಸರಳ. ಹೆಂಗಸು ನೆಲದಲ್ಲಿ ಕೂತು, ಬೆನ್ನಿಗೆ ಪಟ್ಟಿ ಕಟ್ಟಿ, ಹಿಂದಕ್ಕೆ ವಾಲಿ ಹಾಸನ್ನು ಬಿಗಿ ಮಾಡುತ್ತಾಳೆ. ಅವಳ ಕೈ ಎಷ್ಟು ಚಾಚುತ್ತದೋ ಬಟ್ಟೆ ಅಷ್ಟೇ ಅಗಲ. ಹೆಂಗಸರು ಉಡುವ ಕಿರಾ ಸಾಮಾನ್ಯವಾಗಿ ಮೂರು ಪಟ್ಟೆ ಸೇರಿಸಿ ಹೊಲಿದದ್ದಾಗಿರುವುದು ಅದಕ್ಕೇ. ಇಪ್ಪತ್ತನೇ ಶತಮಾನದ ನಡುವಿನವರೆಗೂ ಪೂರ್ವದ ಮನೆಗಳು ಇಂಥ ಬಟ್ಟೆಯನ್ನು ಕಂದಾಯವಾಗಿ ಕೊಡಬೇಕಿತ್ತು. ಎಷ್ಟು ಬೆನ್ನು ನೋವುಗಳು ಆ ಲೆಕ್ಕಕ್ಕೆ ಹೋದವೋ.

ಈಗ ಮಾರುಕಟ್ಟೆಯಲ್ಲಿ ಬಣ್ಣ ಹಾಕಿದ ಸಿದ್ಧ ನೂಲು ಸಿಗುತ್ತದೆ. ಅದನ್ನು ಕೊಳ್ಳುವವರನ್ನು ನಾನು ದೂರುವುದಿಲ್ಲ, ಎಲೆ ತರಲು ಗುಡ್ಡ ಹತ್ತುವವರು ಅವರೇ ತಾನೇ. ಪೂರ್ವ ಭೂತಾನದ ಖಾಲಿಂಗ್‌ನ ನೇಯ್ಗೆ ಕೇಂದ್ರದಲ್ಲಿ ಗಿಡಮೂಲದ ಬಣ್ಣಗಳ ಕೆಲಸ ನಡೆದುಬಂದಿದೆ. ಇನ್ನೊಂದು ವಿಷಯ: ಸಾವಿರಾರು ಕಿಲೋಮೀಟರ್ ಆಚೆ, ಇಂಡೋನೇಷ್ಯಾದ ದ್ವೀಪಗಳ ನೇಕಾರ್ತಿಯರು ಇದೇ ಲೋಧ್ರದ ಕುಲದ ಮರದ ಉದುರಿದ ಎಲೆ ಆರಿಸಿ ತಂದು ನೂಲಿಗೆ ಕೆಂಪು ಹಿಡಿಸುತ್ತಾರೆ.