ಸ್ವಂತ ದೇಶವೇ ಬೇಡ ಅಂದರೂ ಟಸ್ಕ್ ಗೆದ್ದದ್ದು ಹೇಗೆ?

ಓದುಗರ ಪ್ರಶ್ನೆ: ಪೋಲೆಂಡಿನ ಡೊನಾಲ್ಡ್ ಟಸ್ಕ್ ಹಿಂದೆ 'ಯುರೋಪಿನ ಅಧ್ಯಕ್ಷ'ರಾಗಿದ್ದರಂತೆ. ಆಗ ಅವರ ದೇಶವೇ ಅವರ ವಿರುದ್ಧ ವೋಟು ಹಾಕಿತ್ತು ಅಂತಾರೆ. ನಿಜವಾ?

ನಿಜ. 2017ರ ಮಾರ್ಚ್ 9, ಬ್ರಸೆಲ್ಸ್. ಮೇಜಿನ ಸುತ್ತ ಯುರೋಪಿಯನ್ ಒಕ್ಕೂಟದ 28 ದೇಶಗಳ ನಾಯಕರು. ಟಸ್ಕ್‌ರನ್ನು ಆ ಹುದ್ದೆಯಲ್ಲಿ ಎರಡನೇ ಅವಧಿಗೆ ಮುಂದುವರಿಸಬೇಕಾ ಅನ್ನೋದೇ ಪ್ರಶ್ನೆ. ಟಸ್ಕ್ ಪರ 27, ವಿರುದ್ಧ ಒಂದೇ ಒಂದು. ಆ ಒಂದು ಪೋಲೆಂಡಿನದು.

ಇದು ಅರ್ಥವಾಗಬೇಕಾದರೆ ಆ ಕುರ್ಚಿ ಎಂಥದ್ದು ಅಂತ ಮೊದಲು ನೋಡಬೇಕು. 'ಯುರೋಪಿನ ಅಧ್ಯಕ್ಷ' ಅನ್ನೋದು ಬರೀ ಬಾಯಿಮಾತು. ಹುದ್ದೆಯ ಹೆಸರು ಯುರೋಪಿಯನ್ ಕೌನ್ಸಿಲ್ ಅಧ್ಯಕ್ಷ. ಒಕ್ಕೂಟದ ದೇಶಗಳ ಪ್ರಧಾನಿಗಳು, ರಾಷ್ಟ್ರಪತಿಗಳು ಕೂರುವ ಸಭೆಯನ್ನು ನಡೆಸೋದು ಇವರ ಕೆಲಸ. ಕೈಯಲ್ಲಿ ಸೈನ್ಯ ಇಲ್ಲ, ಕಾನೂನು ಮಾಡುವ ಅಧಿಕಾರ ಇಲ್ಲ. ಆ ಮೇಜಿನಲ್ಲಿ ವೋಟು ಕೂಡ ಇಲ್ಲ! ಅಣ್ಣತಮ್ಮಂದಿರ ಪಾಲು ಪಂಚಾಯ್ತಿಗೆ ಹಿರಿಯರೊಬ್ಬರನ್ನು ಕೂರಿಸುತ್ತಾರಲ್ಲ, ಹಾಗೆ. ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಮಾತಾಡಿ, ಎಲ್ಲರನ್ನೂ ಒಂದು ಮಾತಿಗೆ ತರಬೇಕು. ನನಗಂತೂ ಇದು ಪ್ರಧಾನಿ ಕೆಲಸಕ್ಕಿಂತ ಕಷ್ಟದ್ದು ಅನಿಸುತ್ತದೆ.

ಅವಧಿ ಎರಡೂವರೆ ವರ್ಷ. ಒಂದು ಸಲ ಮಾತ್ರ ಮುಂದುವರಿಸಬಹುದು. ಅಲ್ಲಿದ್ದಾಗ ಸ್ವಂತ ದೇಶದಲ್ಲಿ ಹುದ್ದೆ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿಯೇ 2007ರಿಂದ ಪ್ರಧಾನಿಯಾಗಿದ್ದ ಟಸ್ಕ್ 2014ರಲ್ಲಿ ಆ ಹುದ್ದೆ ಬಿಟ್ಟು ಬ್ರಸೆಲ್ಸ್‌ಗೆ ಹೋದರು. ಇನ್ನು ನಿಮ್ಮ ಪ್ರಶ್ನೆಯ ಗುಟ್ಟು: ಈ ಆಯ್ಕೆಗೆ ಎಲ್ಲ ದೇಶಗಳೂ ಒಪ್ಪಲೇಬೇಕು ಅಂತಿಲ್ಲ, 'ಅರ್ಹ ಬಹುಮತ', ಅಂದರೆ ಅರ್ಧಕ್ಕಿಂತ ಸಾಕಷ್ಟು ಹೆಚ್ಚಿನ ನಿಗದಿತ ಬೆಂಬಲ, ಸಿಕ್ಕರೆ ಸಾಕು. ತವರು ದೇಶ ಬೇಡ ಅಂದರೆ ಅದು ಒಂದು ವೋಟು, ಅಷ್ಟೇ.

ಬೇಡ ಅಂದಿದ್ದು ಯಾಕೆ? 2015ರಲ್ಲಿ ಪೋಲೆಂಡಿನ ಅಧಿಕಾರ ಕಚಿನ್‌ಸ್ಕಿ ಅವರ 'ಲಾ ಅಂಡ್ ಜಸ್ಟೀಸ್' ಪಕ್ಷದ ಕೈಗೆ ಹೋಗಿತ್ತು. ಅವರಿಗೂ ಟಸ್ಕ್‌ಗೂ ಹಳೇ ಜಿದ್ದು. 2005ರ ರಾಷ್ಟ್ರಪತಿ ಚುನಾವಣೆಯಲ್ಲಿ ಟಸ್ಕ್‌ರನ್ನು ಸೋಲಿಸಿದ್ದು ಕಚಿನ್‌ಸ್ಕಿ ಅವರ ಅವಳಿ ಸಹೋದರ. ಟಸ್ಕ್ ದೇಶದ ರಾಜಕೀಯಕ್ಕೆ ತಲೆ ಹಾಕುತ್ತಿದ್ದಾರೆ ಅನ್ನೋದು ಆಗಿನ ಪ್ರಧಾನಿ ಬೆಯಾತಾ ಶಿದ್ವೊ ಸರ್ಕಾರದ ದೂರು. ಟಸ್ಕ್ ಪಕ್ಷದವರೇ ಆಗಿದ್ದ ಯುರೋಪ್ ಸಂಸದರೊಬ್ಬರನ್ನು ಎದುರು ನಿಲ್ಲಿಸಿದರು. ಬೇರೆ ಯಾವ ದೇಶವೂ ಜೊತೆಗೆ ಬರಲಿಲ್ಲ.

ಟಸ್ಕ್ ಹಾಗೆಲ್ಲ ಅಲುಗಾಡುವ ಆಸಾಮಿಯೂ ಅಲ್ಲ. ಹುಟ್ಟಿದ್ದು ಬಂದರು ನಗರ ಗ್ದಾನ್ಸ್ಕ್‌ನಲ್ಲಿ, ಓದಿದ್ದು ಇತಿಹಾಸ. 1980ರ ದಶಕದಲ್ಲಿ, ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ, ಹಗ್ಗ ಕಟ್ಟಿಕೊಂಡು ಕಾರ್ಖಾನೆಗಳ ಎತ್ತರದ ಚಿಮಣಿಗಳಿಗೆ ಬಣ್ಣ ಹೊಡೆದು ಹೊಟ್ಟೆ ಹೊರೆದವರು.

ಮತ್ತೆ ಆಯ್ಕೆಯಾದ ಇಪ್ಪತ್ತೇ ದಿನಕ್ಕೆ ದೊಡ್ಡ ಪರೀಕ್ಷೆ ಬಂತು. ಒಕ್ಕೂಟ ಬಿಡುತ್ತೇವೆ ಅನ್ನುವ ಬ್ರಿಟನ್ನಿನ ಪತ್ರ ಬಂದು ಸೇರಿದ್ದು ಇವರ ಕೈಗೇ. ಆರು ಪುಟ. ಅದನ್ನು ಪತ್ರಕರ್ತರಿಗೆ ತೋರಿಸಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

2019ರಲ್ಲಿ ಅವಧಿ ಮುಗಿಯಿತು. 2021ರಲ್ಲಿ ದೇಶದ ರಾಜಕೀಯಕ್ಕೆ ವಾಪಸ್ ಬಂದರು. 2023ರ ಅಕ್ಟೋಬರ್ ಚುನಾವಣೆಯಲ್ಲಿ ಶೇಕಡ 74ರಷ್ಟು ಜನ ವೋಟು ಹಾಕಿದರು. ಹೆಚ್ಚು ಸೀಟು ಬಂದಿದ್ದು ಕಚಿನ್‌ಸ್ಕಿ ಪಕ್ಷಕ್ಕೇ. ಆದರೆ ಬಹುಮತ ಸೇರಿಸಿದ್ದು ಟಸ್ಕ್ ಕಡೆಯ ಮೈತ್ರಿಕೂಟ. ಡಿಸೆಂಬರ್ 13ರ ಬೆಳಿಗ್ಗೆ ವಾರ್ಸಾದಲ್ಲಿ ಪ್ರಧಾನಿಯಾಗಿ ಪ್ರಮಾಣ ವಚನ, ಅದೇ ದಿನ ಬ್ರಸೆಲ್ಸ್‌ಗೆ ಪಯಣ. ಮರುದಿನ ಯುರೋಪಿಯನ್ ಕೌನ್ಸಿಲ್ ಸಭೆಯಲ್ಲಿ ಕೂತರು. ಈ ಸಲ ಅವರ ಕೈಯಲ್ಲಿ ಪೋಲೆಂಡಿನ ವೋಟು ಇತ್ತು.